ನಮ್ಮನ್ನು ನೋಡಲು ಬಂದವರ ಊರಿಗೆ

ಆನೆಕೊಂಡ

ವಿದೇಶಕ್ಕೆ ಹೋಗಿಬಂದವರೆಲ್ಲ ಮೊದಲು ವಿಮಾನದ ಕಿಟಕಿಯಿಂದ ಕಂಡ ಮೋಡಗಳ ಬಗ್ಗೆ ಬರೆಯುತ್ತಾರೆ. ನನಗೆ ಕಿಟಕಿ ಸಿಗಲಿಲ್ಲ. ಕಿಟಕಿ ಪಕ್ಕದಲ್ಲಿ ನನ್ನ ಜೊತೆ ಬಂದ ಹನುಮಕ್ಕ ಕೂತಿದ್ದಳು, ಕೂತವಳೇ ಮುಖಕ್ಕೆ ಸೆರಗು ಎಳೆದುಕೊಂಡು ದಾರಿಯುದ್ದಕ್ಕೂ ನಿದ್ದೆ ಹೊಡೆದಳು. ಹಾಗಾಗಿ ಮೋಡದ ಸುದ್ದಿ ನನ್ನ ಹತ್ತಿರ ಇಲ್ಲ. ಆನೆಕೊಂಡದಿಂದಲೇ ಶುರು ಮಾಡುತ್ತೇನೆ.

ದಾವಣಗೆರೆಯ ಆನೆಕೊಂಡದ ಒಂದು ಓಣಿಯಲ್ಲಿ ನಮ್ಮದೊಂದು ಶಿಶುವಿಹಾರ ಇದೆ. ಎರಡು ಕೋಣೆ, ಒಂದು ನಲ್ಲಿ, ಮಕ್ಕಳನ್ನು ನೋಡಿಕೊಳ್ಳಲು ಒಬ್ಬ ಆಯಾ. ಮಂಡಕ್ಕಿ ಭಟ್ಟಿಗೆ ಕೂಲಿಗೆ ಹೋಗುವ ಹೆಂಗಸರು ಬೆಳಿಗ್ಗೆ ಮಕ್ಕಳನ್ನು ತಂದು ಬಿಟ್ಟು ಸಂಜೆ ಕರೆದುಕೊಂಡು ಹೋಗುತ್ತಾರೆ. ಮಂಡಕ್ಕಿ ಭಟ್ಟಿ ಏನೆಂದು ದಾವಣಗೆರೆಯವರಿಗೆ ಹೇಳಬೇಕಿಲ್ಲ. ಬೇರೆ ಊರಿನವರಿಗೆ ಹೇಳುತ್ತೇನೆ: ಕಾದು ನಿಗಿನಿಗಿ ಎನ್ನುವ ಮರಳಿನಲ್ಲಿ ಅಕ್ಕಿ ಹಾಕಿ ಅರಳಿಸುವ ಜಾಗ. ಅಂಬೆಗಾಲಿಡುವ ಮಗುವನ್ನು ಕರೆದುಕೊಂಡು ಹೋಗುವ ಜಾಗವಲ್ಲ.

ನಾನು ಸುಮಂಗಲಮ್ಮ, ಕೆ.ಬಿ. ಬಡಾವಣೆಯ ಬಟ್ಟೆ ಅಂಗಡಿಯವರ ಮನೆಯವಳು, ಈ ಶಿಶುವಿಹಾರದ ಟ್ರಸ್ಟಿಗೆ ಕಾರ್ಯದರ್ಶಿ. ಸೇವಾ ಮನೋಭಾವ ಉಕ್ಕಿ ಹರಿದು ಆದದ್ದಲ್ಲ. ಮೊದಲ ಸಭೆಯಲ್ಲಿ "ಕಾರ್ಯದರ್ಶಿ ಯಾರಾಗ್ತೀರಿ?" ಎಂದು ಕೇಳಿದಾಗ ಉಳಿದವರೆಲ್ಲ ತಮ್ಮ ತಮ್ಮ ಚಹಾ ಲೋಟದೊಳಗೆ ನೋಡಿದರು. ನಾನೊಬ್ಬಳು ತಲೆ ಎತ್ತಿದೆ, ಸಿಕ್ಕಿಬಿದ್ದೆ.

ಖರ್ಚು ಹಾಲೆಂಡಿನ ಒಂದು ಪ್ರತಿಷ್ಠಾನದ್ದು. ಬಿಸ್ಕತ್ತು ಮಾಡಿ ಸಿರಿವಂತರಾದ ಮನೆತನ, ದಾನ ಮಾಡಲಿಕ್ಕೆಂದು ಒಂದು ಕಚೇರಿ ತೆರೆದಿದೆ. ಈಗ ಎಲ್ಲೆಲ್ಲೂ ಇದೇ ತಾನೆ? ಮೊದಲು ಓಣಿಗೆ ನೀರು ಬರದಿದ್ದರೆ ಕೊಡ ಹಿಡಿದುಕೊಂಡು ನಗರಸಭೆಗೆ ಹೋಗಿ ಬಾಯಿಗೆ ಬಂದಂತೆ ಬೈದು ಬರುತ್ತಿದ್ದೆವು. ಈಗ ನೀರಿಗೆ ಒಂದು ಪ್ರತಿಷ್ಠಾನ, ಕಣ್ಣಿಗೆ ಒಂದು ಪ್ರತಿಷ್ಠಾನ, ಶಾಲೆ ಗೋಡೆಯ ಬಣ್ಣಕ್ಕೆ ಇನ್ನೊಂದು. ಸರ್ಕಾರ ಮಾಡದಿದ್ದರೆ ಬೈಯಬಹುದು, ಅದು ನಮ್ಮ ಹಕ್ಕು. ದಾನ ಕೊಟ್ಟವರನ್ನು ಬೈಯುವ ಹಾಗಿಲ್ಲ, ಅವರು ಬಂದಾಗ ಹಾರ ಹಾಕಬೇಕು. ದಾವಣಗೆರೆಯಲ್ಲಿ ಬೈಗುಳ ಕಡಿಮೆಯಾಗಿ ಹೂವಿನ ವ್ಯಾಪಾರ ಹೆಚ್ಚಿರುವುದು ಇದಕ್ಕೇ ಎಂದು ನನ್ನ ಅನುಮಾನ.

ಪ್ರತಿಷ್ಠಾನದವರು ಆಗಾಗ ನಮ್ಮನ್ನು 'ನೋಡಲು' ಬರುತ್ತಾರೆ. ಬಂದವರು ಮಕ್ಕಳ ತಾಯಂದಿರ ಮನೆಗೂ ಹೋಗುತ್ತಾರೆ. ಒಲೆ ಮೇಲಿನ ಪಾತ್ರೆಯ ಮುಚ್ಚಳ ಎತ್ತಿ ನೋಡುತ್ತಾರೆ. ಮನೆಯಲ್ಲಿ ಎಷ್ಟು ಜನ, ಶೌಚಾಲಯ ಇದೆಯಾ, ದಿನಕ್ಕೆ ಎಷ್ಟು ಸಲ ಊಟ, ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳುತ್ತಾರೆ. ಆಮೇಲೆ ಫೋಟೋ.

ಹನುಮಕ್ಕ ಆನಗೋಡಿನ ಕಡೆಯವಳು, ಮದುವೆಯಾಗಿ ಆನೆಕೊಂಡಕ್ಕೆ ಬಂದು ಭಟ್ಟಿ ಸೇರಿದವಳು. ಶಿಶುವಿಹಾರ ಶುರುವಾಗುವ ಮುಂಚೆ ಅವಳ ಮಗಳು ಪಲ್ಲವಿ ಭಟ್ಟಿಯಲ್ಲಿ ಬಿಸಿ ಮರಳಿನ ಮೇಲೆ ಹರಿದಾಡಿಬಿಟ್ಟಿದ್ದಳು. ಜೀವ ಉಳಿಯಿತು, ಒಂದು ಕಾಲು ಮಾತ್ರ ಮೊಣಕಾಲಿನಿಂದ ಕೆಳಗೆ ಸುಟ್ಟು ಸುಕ್ಕಾಯಿತು. ಅಂದಿನಿಂದ ನೋಡಲು ಬಂದವರೆಲ್ಲರಿಗೂ ಆ ಕಾಲನ್ನೇ ನೋಡಬೇಕು.

ಈ ವರ್ಷ ಪ್ರತಿಷ್ಠಾನ ದುಡ್ಡು ಕೊಡುವ ವಿಷಯ ಬದಲಾಯಿತಂತೆ. ಒಂದು ವರ್ಷ ಶೌಚಾಲಯ, ಒಂದು ವರ್ಷ ಕೈತೊಳೆಯುವುದು, ಈಗ ಹವಾಮಾನ. ಶಿಶುವಿಹಾರ ಇರಬೇಕೋ ಮುಚ್ಚಬೇಕೋ ಎಂದು ಅವರ ವಾರ್ಷಿಕ ಸಭೆಯಲ್ಲಿ ತೀರ್ಮಾನವಂತೆ. ಕಾರ್ಯದರ್ಶಿಯವರು ಒಬ್ಬ ಫಲಾನುಭವಿ ತಾಯಿಯನ್ನು ಕರೆದುಕೊಂಡು ಬಂದರೆ ಒಳ್ಳೆಯದು, ಟಿಕೆಟ್ ನಮ್ಮದು ಎಂದರು. ಮಕ್ಕಳ ಹಾಲು ನಿಲ್ಲಿಸಬೇಕೋ ಬೇಡವೋ ಎಂದು ಚರ್ಚಿಸಲು ಎರಡು ವಿಮಾನದ ಟಿಕೆಟ್!

ಹನುಮಕ್ಕನನ್ನು ಕೇಳಿದೆ. ಹೇಳಿದಳು:

"ಬರ್ತೀನಿ ಅಕ್ಕಾರೆ. ಆದ್ರೆ ಪಲ್ಲವಿ ಕಾಲಿನ ಕಥೆ ಮಾತ್ರ ನಾನು ಹೇಳಲ್ಲ, ನೀವೂ ಹೇಳ್ಬಾರ್ದು. ಈಗ ಹೆಂಗಾಗೈತೆ ಗೊತ್ತೇನ್ರಿ? ಯಾರಾದ್ರೂ ಮೊಬೈಲ್ ಎತ್ತಿದ್ರೆ ಸಾಕು, ಅವಳೇ ಲಂಗ ಸರಿಸಿ ಕಾಲು ಮುಂದೆ ಚಾಚ್ತಾಳೆ. ಮೊನ್ನೆ ನಮ್ಮಣ್ಣ ಮದುವೆ ಮನ್ಯಾಗೆ ಫೋಟೋ ತೆಗ್ಯಾಕೆ ಬಂದ್ರೆ ಅಲ್ಲೂ ಚಾಚಿದ್ಲು. ಇನ್ನು ಸಾಕ್ರಿ."

"ಆಯ್ತು ತಾಯಿ, ಹೇಳಲ್ಲ," ಎಂದು ಮಾತು ಕೊಟ್ಟೆ.

ವಿಮಾನ ನಿಲ್ದಾಣ

ವೀಸಾ ಕೊಡುವವರು ಹನುಮಕ್ಕನನ್ನು, ನೀವು ಅಲ್ಲೇ ಉಳಿದುಬಿಡುವುದಿಲ್ಲ ಎಂದು ಏನು ಗ್ಯಾರಂಟಿ ಎಂದು ಕೇಳಿದ್ದರು. "ಭತ್ತ ನೆನೆಸಾಕಿ ಬಂದೀನ್ರಿ, ಅಲ್ಲೇ ಕುಂತ್ರೆ ಹುಳಿ ಹಿಡೀತೈತೆ," ಎಂದಳು. ವೀಸಾ ಸಿಕ್ಕಿತು.

ಬೇರೆಯವರ ಮನೆಗೆ ಬರಿಗೈಲಿ ಹೋಗುವುದುಂಟೇ? ಅವಳು ಒಂದು ದೊಡ್ಡ ಚೀಲ ಮಂಡಕ್ಕಿ ಕಟ್ಟಿಕೊಂಡಿದ್ದಳು. ಆಮ್‌ಸ್ಟರ್‌ಡ್ಯಾಮಿನಲ್ಲಿ ಸುಂಕದ ಅಧಿಕಾರಿ ಚೀಲ ಎತ್ತಿ ನೋಡಿದ. ಅಷ್ಟು ದೊಡ್ಡ ಚೀಲ ಅಷ್ಟು ಹಗುರ ಇದ್ದದ್ದೇ ಅವನಿಗೆ ಅನುಮಾನ. ಬಿಚ್ಚುವಾಗ ಹೊಲಿಗೆ ಕಿತ್ತುಹೋಗಿ ಮಂಡಕ್ಕಿ ಆ ಕನ್ನಡಿಯಂಥ ನೆಲದ ಮೇಲೆಲ್ಲ ಹರಡಿಕೊಂಡಿತು. ಹನುಮಕ್ಕ ಸೆರಗು ಸಿಕ್ಕಿಸಿ ಕೂತು ಬಾಚತೊಡಗಿದಳು. ಅಧಿಕಾರಿಯೂ ಮಂಡಿಯೂರಿ ಬಾಚಿದ. ಕೊನೆಗೆ ಒಂದು ಕಾಳು ಬಾಯಿಗೆ ಹಾಕಿಕೊಂಡು, "ಇದಕ್ಕೆ ರುಚಿಯೇ ಇಲ್ಲ," ಎಂದ.

"ಖಾರ ಹಾಕ್ಬೇಕಪ್ಪ, ಈರುಳ್ಳಿ ಹಾಕ್ಬೇಕು. ಪಕ್ದಾಗೆ ಮಿರ್ಚಿ ಇರ್ಬೇಕು. ಬರೀ ಮಂಡಕ್ಕಿ ಯಾರು ತಿಂತಾರೆ?" ಎಂದು ಹನುಮಕ್ಕ ಅವನಿಗೆ ಕನ್ನಡದಲ್ಲೇ ಬುದ್ಧಿ ಹೇಳಿದಳು. ಅವನು ತಲೆಯಾಡಿಸಿ ಬಿಟ್ಟುಕೊಟ್ಟ.

ಅನೂಕಳ ಮನೆ

ನಾವು ಹೋದ ಊರಿನ ಹೆಸರನ್ನು ಸರಿಯಾಗಿ ಹೇಳಬೇಕೆಂದರೆ ಗಂಟಲಲ್ಲಿ ಕಫ ಇರಬೇಕು. ನನಗೆ ಬರಲಿಲ್ಲ, ಬಿಟ್ಟಿದ್ದೇನೆ. ಉಳಿದುಕೊಂಡದ್ದು ಅನೂಕ್ ಎಂಬುವಳ ಮನೆಯಲ್ಲಿ. ಪ್ರತಿಷ್ಠಾನದಲ್ಲಿ ನಮ್ಮ ಶಿಶುವಿಹಾರವನ್ನು ನೋಡಿಕೊಳ್ಳುವ ಅಧಿಕಾರಿ ಇವಳೇ. ದಾವಣಗೆರೆಗೂ ಬಂದು ಹೋದವಳು, ಬೆಣ್ಣೆದೋಸೆ ತಿಂದು ಕಣ್ಣು ಮುಚ್ಚಿ ಕೂತವಳು. ಒಳ್ಳೆಯ ಹುಡುಗಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಮರೆತರೂ ಮರೆಯಬಹುದು.

ಕಾಫಿ ಕೊಟ್ಟಳು. ಬಿಸ್ಕತ್ತಿನ ಡಬ್ಬಿ ತಂದು ತಲೆಗೊಂದರಂತೆ ತೆಗೆಯಿಸಿ, ಟಪ್ಪನೆ ಮುಚ್ಚಳ ಹಾಕಿ, ಡಬ್ಬಿಯನ್ನು ಕಪಾಟಿನೊಳಗೆ ಇಟ್ಟಳು. ನಾನು ಕಾದೆ. ಡಬ್ಬಿ ಹೊರಗೆ ಬರಲಿಲ್ಲ. ಬಿಸ್ಕತ್ತಿನ ದುಡ್ಡಿನಲ್ಲೇ ನಡೆಯುವ ಪ್ರತಿಷ್ಠಾನ ಸ್ವಾಮಿ! ನಮ್ಮಲ್ಲಿ ಇದೇ ಅನೂಕಳಿಗೆ ನಾಲ್ಕನೇ ದೋಸೆ ಬೇಡ ಬೇಡ ಎಂದರೂ ಎಲೆಗೆ ಹಾಕಿದ್ದೆವು. ಆಮೇಲೆ ಗೊತ್ತಾಯಿತು, ಅಲ್ಲಿ ಅದೇ ಪದ್ಧತಿ, ಅರಸರ ಮನೆಯಲ್ಲೂ ಒಂದೇ ಇರಬೇಕು.

ಪಾಯಿಖಾನೆ ಗೋಡೆಗೆ ಒಂದು ಕ್ಯಾಲೆಂಡರ್ ನೇತು ಹಾಕಿದ್ದರು. ಅದರ ತುಂಬ ನೆಂಟರಿಷ್ಟರ ಹುಟ್ಟುಹಬ್ಬ. ಅಲ್ಲಿ ಕೂತಾಗ ಅತ್ತೆಮಾವನ ನೆನಪು ಬರಲಿ ಎಂದು ವ್ಯವಸ್ಥೆ. ಇನ್ನೊಂದು ವಿಚಿತ್ರವೆಂದರೆ ಬೀದಿಗೆ ತೆರೆದ ದೊಡ್ಡ ದೊಡ್ಡ ಗಾಜಿನ ಕಿಟಕಿಗಳು. ಯಾರ ಮನೆಗೂ ಪರದೆ ಇಲ್ಲ. ಒಳಗೆ ಕೂತವರ ತಟ್ಟೆಯಲ್ಲೇನಿದೆ ಎಂಬುದು ಕೂಡ ಕಾಣುತ್ತದೆ. ಹನುಮಕ್ಕ ಒಂದು ಕಿಟಕಿ ಮುಂದೆ ನಿಂತೇಬಿಟ್ಟಳು. ಅನೂಕ್ ಅವಳ ತೋಳು ಹಿಡಿದು ಎಳೆದಳು: "ಹಾಗೆ ನೋಡಬಾರದು. ಅವರ ಖಾಸಗಿ ಬದುಕು ಅದು."

"ನೋಡ್ಬಾರ್ದು ಅಂದ್ರೆ ಪರದೆ ಹಾಕ್ಕೋಬೇಕಪ್ಪ," ಎಂದಳು ಹನುಮಕ್ಕ. ನಾನು ಅನುವಾದ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಇನ್ನೊಂದು ಕೆಲಸ ಆಯಿತು. ಹಲ್ಲುಜ್ಜಿ ಹೊರಗೆ ಬರುತ್ತೇನೆ, ಹನುಮಕ್ಕ ಅಡುಗೆಮನೆಯಲ್ಲಿ ಒಲೆ ಮೇಲಿದ್ದ ಪಾತ್ರೆಯ ಮುಚ್ಚಳ ಎತ್ತಿ ನೋಡುತ್ತಿದ್ದಾಳೆ. ಫ್ರಿಜ್ಜಿನ ಬಾಗಿಲು ತೆರೆದಿದೆ. ಅನೂಕ್ ಒಂದೂವರೆ ವರ್ಷದ ಮಗ ಲುಕಾಸನನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿಕೊಂಡು ಏನಾಗುತ್ತಿದೆ ಎಂದು ತಿಳಿಯದೆ ನಿಂತಿದ್ದಾಳೆ.

"ಕೇಳ್ರಿ ಅಕ್ಕಾರೆ, ಮನ್ಯಾಗೆ ಎಷ್ಟು ಜನ ಅದಾರೆ ಅಂತ. ದಿನಕ್ಕೆ ಎಷ್ಟು ಸಲ ಉಣ್ತಾರೆ? ಕೈ ತೊಳ್ಕಂತಾರಾ?"

"ಏ ಹನುಮಕ್ಕ, ಏನಿದು? ಬೇರೆಯವರ ಅಡುಗೆಮನೆ ಅದು!"

"ಇವ್ರೂ ನಮ್ಮನೀಗೆ ಬಂದಾಗ ಹಿಂಗೇ ಅಲ್ವೇನ್ರಿ ಮಾಡಾದು? ನಾವು ಕೇಳ್ದಿದ್ರೆ, ನೋಡ್ದಿದ್ರೆ, ಇವ್ರಿಗೆ ಬ್ಯಾಸ್ರ ಆಗಲ್ವಾ? ಅಷ್ಟು ದೂರದಿಂದ ಬಂದು ಮುಚ್ಚಳಾನೂ ಎತ್ತಲಿಲ್ಲ ಅಂತಾರೆ."

ಅವಳ ಮುಖದಲ್ಲಿ ಕುಚೋದ್ಯದ ಲವಲೇಶವೂ ಇರಲಿಲ್ಲ. ಇದು ಇವರ ಜಾತಿಯಲ್ಲಿ ಮರ್ಯಾದೆ ಕೊಡುವ ರೀತಿ ಎಂದೇ ತಿಳಿದಿದ್ದಳು. ನಾನು ನಗು ತಡೆದುಕೊಂಡು ಪ್ರಶ್ನೆಗಳನ್ನು ಇಂಗ್ಲಿಷಿಗೆ ಮಾಡಿದೆ. ಅನೂಕ್ ಕೆಂಪಾದಳು, ಆಮೇಲೆ ತಾನೂ ನಕ್ಕು ಒಂದೊಂದಕ್ಕೂ ಉತ್ತರ ಕೊಟ್ಟಳು. ಮೂರು ಜನ. ಶೌಚಾಲಯ ಎರಡು. ಬಿಸಿ ಊಟ ಒಂದೇ ಹೊತ್ತು, ಉಳಿದದ್ದು ಬ್ರೆಡ್ಡು.

"ಒಂದೇ ಹೊತ್ತಾ? ಅಯ್ಯೋ ಪಾಪ," ಎಂದಳು ಹನುಮಕ್ಕ. "ಕೂಸನ್ನ ಯಾರು ನೋಡ್ಕಂತಾರೆ?"

ಅನೂಕಳ ನಗು ಸ್ವಲ್ಪ ಇಳಿಯಿತು. ಶಿಶುವಿಹಾರಕ್ಕೆ ಹೋಗುತ್ತಾನೆ, ಆದರೆ ಅಲ್ಲಿ ಜಾಗ ಸಿಗುವುದು ಬಹಳ ಕಷ್ಟ, ಶುಕ್ರವಾರ ಅವನಿಗೆ ಜಾಗವಿಲ್ಲ, ಹೆಸರು ಬರೆಸಿ ಕಾಯುತ್ತಿದ್ದೇವೆ ಎಂದಳು. ಶುಕ್ರವಾರ ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಪ್ರತಿಷ್ಠಾನದ ಕೆಲಸವಂತೆ. ಹೇಳುವಾಗ ಅವಳ ಕಣ್ಣಲ್ಲಿ ನೀರಾಡಿತು. ತಾಯಿಯ ಕಷ್ಟ ಎಲ್ಲ ಕಡೆ ಒಂದೇ ಎಂದು ನನಗೂ ಅನಿಸಿತು.

ಅಷ್ಟರಲ್ಲಿ ಲುಕಾಸ್ ರಾತ್ರಿ ಉಳಿದ ಬಟಾಣಿ ಸೂಪಿನ ಬಟ್ಟಲನ್ನು ತಲೆ ಮೇಲೆ ಬೋರಲು ಹಾಕಿಕೊಂಡು ಅಳತೊಡಗಿದ. ಮುಖವೆಲ್ಲ ಹಸಿರು, ಮೂಗಲ್ಲಿ ಸಿಂಬಳ, ಒಂದು ಕಾಲಲ್ಲಿ ಮಾತ್ರ ಕಾಲುಚೀಲ. ಹನುಮಕ್ಕ ಮೊಬೈಲ್ ಎತ್ತಿ, "ಫೋಟೋ ತಗೋಬೋದಾ?" ಎಂದಳು. ಅನೂಕ್ ಒರೆಸುವ ಬಟ್ಟೆ ಹುಡುಕುತ್ತ ಹೂಂ ಎಂದು ತಲೆಯಾಡಿಸಿದಳು.

ರೈಲು ನಿಲ್ದಾಣ

ಸಭೆ ಬೇರೆ ಊರಿನಲ್ಲಿ. ರೈಲು ನಿಲ್ದಾಣಕ್ಕೆ ಹೋದೆವು. ಅಲ್ಲಿ ಎಲ್ಲ ಶಿಸ್ತು, ಎಲ್ಲ ಮೌನ, ಒಬ್ಬರೂ ಮಾತಾಡುವುದಿಲ್ಲ. ನಮ್ಮ ದಾವಣಗೆರೆ ಸ್ಟೇಷನ್ನಿನಲ್ಲಿ ರೈಲು ಬರುವ ಮುಂಚೆ ಪಕ್ಕದವರ ಮಗಳ ಮದುವೆಯವರೆಗೂ ವಿಚಾರಿಸಿ ಆಗಿರುತ್ತದೆ. ಅನೂಕ್ ಯಾಕೋ ನಮ್ಮನ್ನು ಬಿಟ್ಟು ಮುಂದೆ ಮುಂದೆ ಬಿರುಸಾಗಿ ನಡೆಯುತ್ತಿದ್ದಳು. ಯಾಕೆಂದು ಅರ್ಧ ನಿಮಿಷದಲ್ಲಿ ಗೊತ್ತಾಯಿತು.

ಪ್ಲಾಟ್‌ಫಾರ್ಮಿನ ಗೋಡೆಯಲ್ಲಿ ಗಾಜಿನ ಚೌಕಟ್ಟು. ಅದರೊಳಗೆ ಆಳೆತ್ತರದ ಪಟ. ಪಟದಲ್ಲಿ ಪಲ್ಲವಿ. ನಮ್ಮ ಶಿಶುವಿಹಾರದ ಬಾಗಿಲಲ್ಲಿ ಕೂತು, ಲಂಗ ಸರಿಸಿ, ಆ ಕಾಲನ್ನು ಮುಂದೆ ಚಾಚಿದ್ದಾಳೆ. ಕೆಳಗೆ ಅವರ ಭಾಷೆಯಲ್ಲಿ ದಪ್ಪಕ್ಷರ. ಅನೂಕಳನ್ನು ನಿಲ್ಲಿಸಿ ಏನು ಬರೆದಿದೆ ಹೇಳು ಎಂದೆ. ನೆಲ ನೋಡುತ್ತ ಹೇಳಿದಳು: 'ಪಲ್ಲವಿಯನ್ನು ನೋಡಿಕೊಳ್ಳುವವರು ಯಾರೂ ಇಲ್ಲ. ನೀವಿದ್ದೀರಿ.'

ಯಾರೂ ಇಲ್ಲವಂತೆ! ಹೆತ್ತ ತಾಯಿ ಅದರ ಮುಂದೆಯೇ ನಿಂತಿದ್ದಾಳೆ.

ನಮ್ಮೂರಿನಲ್ಲಿ ದಾನ ಮಾಡಿದವರು ಫ್ಯಾನಿನ ರೆಕ್ಕೆ ಮೇಲೂ ಹೆಸರು ಬರೆಸುತ್ತಾರೆ, ಸ್ಟೀಲ್ ತಟ್ಟೆಯ ತಳದಲ್ಲಿ ಅಜ್ಜನ ಸ್ಮರಣಾರ್ಥ ಎಂದು ಕೊರೆಸುತ್ತಾರೆ, ಅನ್ನ ಖಾಲಿಯಾದ ಕೂಡಲೇ ಅಜ್ಜ ಕಾಣುತ್ತಾನೆ. ನಾನು ಅದನ್ನು ಎಷ್ಟು ಆಡಿಕೊಂಡಿಲ್ಲ! ಆದರೆ ಇಲ್ಲಿ ಬಿಸ್ಕತ್ತಿನವರ ಹೆಸರು ಮೂಲೆಯಲ್ಲಿ ಇರುವೆಯಷ್ಟು ಚಿಕ್ಕದಾಗಿದೆ, ಬಹಳ ವಿನಯ. ಇಸ್ಕೊಂಡವರ ಮಗಳನ್ನು ಮಾತ್ರ ಆಳೆತ್ತರಕ್ಕೆ ನಿಲ್ಲಿಸಿದ್ದಾರೆ. ನಮ್ಮ ಅಜ್ಜಂದಿರೇ ಎಷ್ಟೋ ವಾಸಿ.

ಹನುಮಕ್ಕ ಕಿರುಚಲಿಲ್ಲ, ಅಳಲಿಲ್ಲ. ಚೌಕಟ್ಟಿಗೆ ಬೆನ್ನು ಹಚ್ಚಿ ನಿಂತಳು. ಹೊದ್ದಿದ್ದ ಶಾಲನ್ನು ಎರಡೂ ಕೈಯಿಂದ ಅಗಲಿಸಿ ಹಿಡಿದು, ಮಗಳ ಕಾಲು ಕಾಣದ ಹಾಗೆ ಮಾಡಿದಳು. ಜನ ಬಂದರು, ಜನ ಹೋದರು. ನಮ್ಮ ರೈಲೂ ಬಂದು ಹೋಯಿತು. ಒಬ್ಬ ಹೆಂಗಸು ಇದೂ ಪ್ರಚಾರದ ಒಂದು ಭಾಗ ಎಂದುಕೊಂಡು ಹನುಮಕ್ಕನ ಫೋಟೋ ತೆಗೆದು, ಹೆಬ್ಬೆರಳು ಎತ್ತಿ ತೋರಿಸಿ ಹೋದಳು.

"ಹನುಮಕ್ಕ, ಬಾರೇ."

"ಬರಲ್ಲ ಅಕ್ಕಾರೆ. ಫೋಟೋ ತಗೋಬೋದಾ ಅಂದ್ರು, ಹೂಂ ಅಂದೆ. ಸ್ಟೇಷನ್ನಾಗೆ ಹಾಕ್ಬೋದಾ ಅಂತ ಯಾರು ಕೇಳಿದ್ರು? ಮೊದ್ಲು ಇದನ್ನ ತೆಗೀಲಿ."

ಅನೂಕ್ ಬೆರಳು ಹಿಸುಕಿಕೊಳ್ಳುತ್ತ, ಚೌಕಟ್ಟಿನ ಬೀಗದ ಕೈ ಜಾಹೀರಾತು ಕಂಪನಿಯ ಹತ್ತಿರ ಇದೆ, ಇಂಥ ಪಟ ಊರೂರಲ್ಲಿದೆ, ಇದನ್ನು ತೆಗೆಯುವುದು ತನ್ನ ಕೈಯಲ್ಲಿಲ್ಲ, ಸಭೆಯ ಕೈಯಲ್ಲಿದೆ ಎಂದಳು. "ನಾನು ಸಭೆಯಲ್ಲಿ ಕೇಳ್ತೀನಿ ಹನುಮಕ್ಕ, ತೆಗೆಸ್ತೀನಿ," ಎಂದೆ. ಯಾವ ಧೈರ್ಯದ ಮೇಲೆ ಹೇಳಿದೆನೋ ಆ ದೇವರಿಗೇ ಗೊತ್ತು. ಅವಳು ನನ್ನ ಮುಖ ನೋಡಿದಳು, ಶಾಲು ಇಳಿಸಿದಳು, ತಿರುಗಿ ನೋಡದೆ ನಡೆದಳು.

ಸಭೆ

ಉದ್ದನೆಯ ಮೇಜು, ಪ್ರತಿಯೊಬ್ಬರ ಮುಂದೆ ನೀರು, ನಡುವೆ ಒಂದು ಬಟ್ಟಲು ಬಿಸ್ಕತ್ತು. ಯಾರೂ ಎರಡನೆಯದನ್ನು ಮುಟ್ಟಲಿಲ್ಲ. ಅಧ್ಯಕ್ಷರು ಬೆಳ್ಳಿ ಕೂದಲಿನ ಎತ್ತರದ ಮನುಷ್ಯ, ಬಿಸ್ಕತ್ತು ಮನೆತನದವರು. ಎದ್ದು ನಿಂತು ಕೈಮುಗಿದು ನಮಸ್ತೆ ಎಂದರು. ಇಷ್ಟು ಸಭ್ಯರ ಜೊತೆ ಜಗಳ ಆಡುವುದು ಬಹಳ ಕಷ್ಟ. ನಮ್ಮ ಎ.ಪಿ.ಎಂ.ಸಿ. ದಲ್ಲಾಳಿಗಳಾಗಿದ್ದರೆ ಕೂಗಾಡಿ ಮುಗಿಸಿ ಚಹಾ ಕುಡಿದುಬಿಡಬಹುದಿತ್ತು.

ನಾನು ಹೇಳುವುದನ್ನೆಲ್ಲ ಹೇಳಿದೆ. ಆ ಪಟ ಸುಳ್ಳು, ಪಲ್ಲವಿಗೆ ತಾಯಿ ಇದ್ದಾಳೆ, ಶಿಶುವಿಹಾರ ಇದೆ. ತಾಯಿಗೆ ಇಷ್ಟವಿಲ್ಲ, ದಯವಿಟ್ಟು ತೆಗೆಸಿ.

ಅಧ್ಯಕ್ಷರು ಪೂರ್ತಿ ಕೇಳಿಸಿಕೊಂಡರು. ನಿಮ್ಮ ಭಾವನೆ ನಮಗೆ ಬಹಳ ಮುಖ್ಯ ಎಂದರು. ಇಂಥ ವಿಷಯಕ್ಕೆಂದೇ ತಮ್ಮಲ್ಲಿ ಒಂದು 'ಘನತೆ ಉಪಸಮಿತಿ' ಇದೆಯಂತೆ, ಅದರ ಕೈಪಿಡಿಯೂ ಇದೆ ಎಂದು ತೋರಿಸಿದರು. ಕೈಪಿಡಿಯ ಮುಖಪುಟದಲ್ಲಿ ಪಲ್ಲವಿ. ಕಾಲು ಸಮೇತ.



ಆಮೇಲೆ ಅವರು ಮೃದುವಾಗಿ ಇನ್ನೊಂದು ಮಾತು ಹೇಳಿದರು. ವಿಷಯ ಹವಾಮಾನಕ್ಕೆ ಬದಲಾಗಿದ್ದರೂ ನಿಮ್ಮ ಶಿಶುವಿಹಾರವನ್ನು ಮುಂದುವರಿಸುವ ಮನಸ್ಸು ನಮಗಿದೆ, ಕಾರಣ ಈ ಪಟ. ಬೇರೆ ಯಾವ ಪಟಕ್ಕೂ ನಮ್ಮ ಜನ ಇಷ್ಟು ಸ್ಪಂದಿಸಿಲ್ಲ. ಪಟ ಹೋದರೆ ಶಿಶುವಿಹಾರವನ್ನು ಸಮರ್ಥಿಸುವುದು ಕಷ್ಟವಾಗುತ್ತದೆ. ಆದರೆ ನಾವು ಯಾವುದನ್ನೂ ಹೇರುವವರಲ್ಲ. ಫಲಾನುಭವಿಗಳ ಪಾಲ್ಗೊಳ್ಳುವಿಕೆಯಲ್ಲಿ ನಮಗೆ ನಂಬಿಕೆ. ಆದ್ದರಿಂದ ನಿರ್ಧಾರವನ್ನು ತಾಯಿಗೇ ಬಿಡುತ್ತೇವೆ.

ಇದನ್ನು ಹನುಮಕ್ಕನಿಗೆ ಕನ್ನಡದಲ್ಲಿ ಹೇಳಿದೆ. ಕೊರಳಿಗೆ ಹಗ್ಗ ಹಾಕಿ, ಎಳೆಯುವ ತುದಿಯನ್ನೂ ಅವಳ ಕೈಗೇ ಕೊಟ್ಟಿದ್ದರು. ಎಲ್ಲರೂ ಅವಳನ್ನೇ ನೋಡುತ್ತಿದ್ದರು, ಕೆಲವರಂತೂ ಪ್ರೀತಿಯಿಂದಲೇ.

ಹನುಮಕ್ಕ ಹೇಳಿದಳು: "ಶಿಶುವಿಹಾರ ನನ್ನೊಬ್ಬಾಕಿದಲ್ಲ. ಊರಿಗೋಗಿ ಉಳಿದ ತಾಯಂದ್ರನ್ನ ಕೇಳ್ಬೇಕು. ಕೇಳಿ ಹೇಳ್ತೀನಿ ಅನ್ರಿ."

ನಾನು ಅನುವಾದಿಸಿದೆ. ಸಭೆ ಚಪ್ಪಾಳೆ ತಟ್ಟಿತು. ಎಂಥ ಪ್ರಜಾಸತ್ತಾತ್ಮಕ ಉತ್ತರ ಎಂದು ಒಬ್ಬರು ಬರೆದುಕೊಂಡರು. ತೀರ್ಮಾನ ತಿಳಿಸುವವರೆಗೂ ಪಟ ಅಲ್ಲಲ್ಲೇ ಇರಲಿ ಎಂದಾಯಿತು.

ಇಷ್ಟು ದೊಡ್ಡ ಸಿಟ್ಟನ್ನು ಇಷ್ಟು ಚಿಕ್ಕ ಕಪ್ಪಿನ ಕಾಫಿಯ ಜೊತೆ ನಾನು ಯಾವತ್ತೂ ನುಂಗಿರಲಿಲ್ಲ.

ಹರಿಹರ

ಬೆಂಗಳೂರಿನಲ್ಲಿ ಇಳಿದು ರೈಲು ಹತ್ತಿದೆವು. ಹಾಲೆಂಡಿನಲ್ಲಿ ಮೂಲೆಮೂಲೆ ಸುತ್ತಿದರೂ ದಾರಿ ತಪ್ಪದ ನಾವು ಸ್ವಂತ ಊರಿನಲ್ಲಿ ತಪ್ಪಿದೆವು. ಇಬ್ಬರಿಗೂ ಗಾಢ ನಿದ್ದೆ, ದಾವಣಗೆರೆ ದಾಟಿಹೋಯಿತು. ಹರಿಹರದಲ್ಲಿ ಎಚ್ಚರವಾಗಿ ಗಡಬಡಿಸಿ ಇಳಿದು, ಬಸ್ ಸ್ಟ್ಯಾಂಡಿಗೆ ಬಂದು ದಾವಣಗೆರೆ ಬಸ್ಸಿಗೆ ಕಾಯುತ್ತ ನಿಂತೆವು. ಹೊಳೆ ಕಡೆಯಿಂದ ಗಾಳಿ ಬರುತ್ತಿತ್ತು. ಪಕ್ಕದಲ್ಲಿದ್ದ ಹೆಂಗಸು ಎಲ್ಲಿಗೆ ಹೋಗಿದ್ರಿ, ಯಾಕ ಹೋಗಿದ್ರಿ, ಚೀಲದಾಗೆ ಏನೈತೆ ಎಂದು ಕೇಳಿದಳು. ಆಹಾ, ಊರಿಗೆ ಬಂದೆವು ಎನಿಸಿತು.

ಎದುರಿಗೆ ಯಾರದೋ ಮಗುವಿನ ಮೊದಲ ಹುಟ್ಟುಹಬ್ಬದ ದೊಡ್ಡ ಫ್ಲೆಕ್ಸ್. ಮಗು ಕಪ್ಪು ಕನ್ನಡಕ ಹಾಕಿಕೊಂಡು ಸಿಂಹಾಸನದ ಮೇಲೆ ಕೂತಿದೆ, ಕೆಳಗೆ ಶುಭ ಕೋರುವ ಮಾವಂದಿರ ಸಾಲುಸಾಲು ಮುಖ. ಹನುಮಕ್ಕ ಅದನ್ನೇ ನೋಡುತ್ತ ನಿಂತಳು.

"ಅಕ್ಕಾರೆ, ಒಬ್ರು ನಮ್ಮನೆ ಮದುವೀಗೆ ಸೀರೆ ಮುಯ್ಯಿ ಮಾಡಿದ್ರೆ, ಅವರ ಮನೆ ಮದುವೀಗೆ ನಾವೂ ಸೀರೆ ಒಯ್ಯಬೇಕಲ್ರಿ?"

"ಹೌದು, ಒಯ್ಯಬೇಕು."

"ಅವ್ರು ನಮ್ ಹುಡುಗೀನ ಅವ್ರ ಸ್ಟೇಷನ್ನಾಗೆ ಹಾಕ್ಯಾರೆ. ನಾವು ಲುಕಾಸನ್ನ ನಮ್ ಸರ್ಕಲ್ಲಾಗೆ ಹಾಕಾನ."

ನಾನು ಫ್ಲೆಕ್ಸ್ ಬಿಟ್ಟು ಅವಳ ಕಡೆ ತಿರುಗಿದೆ. "ಪರರ ಮಗುವಿನ ಫೋಟೋ, ಅದೂ ಸಿಂಬಳ ಸುರಿಸ್ಕೊಂಡಿರೋದು! ಕೇಳದೆ ಹಾಕೋದು ತಪ್ಪಲ್ವೇನೇ?"

"ತಪ್ಪೇ ಮತ್ತೆ," ಎಂದಳು ಹನುಮಕ್ಕ. "ಅದಕ್ಕೇ ಹಾಕಾದು. ಬಾಯಾಗೆ ಹೇಳಿದ್ರೆ ಅವ್ರಿಗೆ ತಿಳೀಲಿಲ್ಲ, ಚಪ್ಪಾಳೆ ಹೊಡೆದ್ರು."

ಬಸ್ಸು ಬಂತು.

ಮತ್ತೆ ಆನೆಕೊಂಡ

ಭಟ್ಟಿಯ ಹೆಂಗಸರು ಒಂದು ಮಧ್ಯಾಹ್ನ ಶಿಶುವಿಹಾರದಲ್ಲಿ ಕೂತು ಎಲ್ಲ ಕೇಳಿಸಿಕೊಂಡರು. ಪಟ ಇರಲಿ, ಶಿಶುವಿಹಾರ ಮುಚ್ಚುವುದು ಬೇಡ ಎಂದು ಯಾರಾದರೂ ಹೇಳಬಹುದೆಂದು ನನಗೆ ಹೆದರಿಕೆ ಇತ್ತು. ಯಾರೂ ಹೇಳಲಿಲ್ಲ. ಇವತ್ತು ಹನುಮಕ್ಕನ ಮಗಳು, ನಾಳೆ ನಮ್ಮ ಮಗಳು ಎಂದರು. ಫ್ಲೆಕ್ಸ್ ಹಾಕಿಸುವ ಮಾತಿಗಂತೂ ಎಲ್ಲರೂ ಬಿದ್ದು ಬಿದ್ದು ನಕ್ಕರು.

ಫ್ಲೆಕ್ಸ್ ಅಂಗಡಿಯವನು ಮೇಲೆ ಯಾವ ಲೀಡರ್ ಫೋಟೋ ಹಾಕಲಿ ಎಂದು ಕೇಳಿದ. ಯಾರದೂ ಬೇಡ ಎಂದಾಗ, "ಹಂಗಾದ್ರೆ ಖಾಲಿ ಖಾಲಿ ಕಾಣ್ತೈತ್ರಿ," ಎಂದು ಕೊರಗಿದ. ಕೊನೆಗೆ ಅಭ್ಯಾಸಬಲದಿಂದ ಕೆಳಗೆ 'ಶುಭ ಕೋರುವವರು: ಮಂಡಕ್ಕಿ ಭಟ್ಟಿ ಮಹಿಳೆಯರು' ಎಂದು ಸೇರಿಸಿಯೇಬಿಟ್ಟ. ಆನೆಕೊಂಡದ ಓಣಿ ಕೂಡುವಲ್ಲಿ ಫ್ಲೆಕ್ಸ್ ನಿಂತಿತು. ಹಸಿರು ಮುಖದ ಲುಕಾಸ್, ಬಾಯಿ ತೆರೆದು ಅಳುತ್ತಿದ್ದಾನೆ. 'ಲುಕಾಸನನ್ನು ಶುಕ್ರವಾರ ನೋಡಿಕೊಳ್ಳುವವರು ಯಾರೂ ಇಲ್ಲ. ನೀವಿದ್ದೀರಿ.'

ಆಮೇಲೆ ಆದದ್ದನ್ನು ನಾವು ಯಾರೂ ಎಣಿಸಿರಲಿಲ್ಲ. ಸಂಜೆಯ ಹೊತ್ತಿಗೆ ಶಿಶುವಿಹಾರದ ಬಾಗಿಲಿಗೆ ಜನ ಬರತೊಡಗಿದರು. ಒಬ್ಬರು ರಾಗಿ ಮಾಲ್ಟ್ ತಂದರು, ಒಬ್ಬರು ಉಣ್ಣೆ ಟೋಪಿ ತಂದರು. "ಪಾಪ, ಬಿಳಿ ಕೂಸು, ಏನು ಬಂತೋ ಅದಕ್ಕೆ, ಮುಖ ಹಸರಾಗೈತೆ," ಎಂದು ಒಬ್ಬ ಅಜ್ಜಿ ದೃಷ್ಟಿ ತೆಗೆಯಲು ಮೆಣಸಿನಕಾಯಿ ಉಪ್ಪು ಹಿಡಿದುಕೊಂಡೇ ಬಂದಳು. ನಮ್ಮ ಬಡಾವಣೆಯವರು, ಇಷ್ಟು ವರ್ಷ ನಾನು ಕೈಮುಗಿದು ಕರೆದರೂ ಈ ಓಣಿಗೆ ಕಾಲಿಡದವರು, ಕಾರು ಮಾಡಿಕೊಂಡು ಬಂದು ಹಾಲಿನ ಪುಡಿ ಕೊಟ್ಟು ಹೋದರು. ಅದೇ ಬಾಗಿಲಲ್ಲಿ ನಮ್ಮ ಮಕ್ಕಳು ಅಷ್ಟೂ ವರ್ಷ ಕೂತಿದ್ದವು, ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ. ದೂರದ ಬಡವ ಅಂದರೆ ಎಲ್ಲರಿಗೂ ಎಷ್ಟು ಪ್ರೀತಿ! ನಾನು ಬಂದದ್ದನ್ನೆಲ್ಲ ಇಸ್ಕೊಂಡೆ, ನಮ್ಮ ಮಕ್ಕಳಿಗೆ ಕುಡಿಸಿದೆ. ಕೊಟ್ಟವರಿಗೂ ಹೇಳಿಯೇ ಕುಡಿಸಿದೆ. ಸ್ವಲ್ಪ ನಿರಾಶರಾದರು, ಆದರೆ ಕೊಟ್ಟದ್ದನ್ನು ವಾಪಸ್ ಕೇಳಲು ಅವರಿಗೆ ನಾಚಿಕೆಯಾಯಿತು.

ಫ್ಲೆಕ್ಸಿನ ಫೋಟೋ ತೆಗೆದು ಅನೂಕಳಿಗೆ ಕಳಿಸಿದೆ, ಬರೆದದ್ದರ ಅರ್ಥವನ್ನೂ ಬರೆದೆ. ಫೋನು ಬರಲು ತಡವಾಗಲಿಲ್ಲ. ಪರದೆಯಲ್ಲಿ ಅವಳ ಮುಖ ಕೆಂಡವಾಗಿತ್ತು.

"ಯಾರು ಅನುಮತಿ ಕೊಟ್ಟರು ನಿಮಗೆ? ಅವನು ನನ್ನ ಮಗ! ಅಷ್ಟು ಜನ ಅವನನ್ನು ಆ ಸ್ಥಿತಿಯಲ್ಲಿ ನೋಡುತ್ತಾರೆ! ಅವನನ್ನು ನೋಡಿಕೊಳ್ಳಲು ನಾನಿದ್ದೇನೆ! ಈಗಲೇ ತೆಗೆಯಿರಿ!"

ಹನುಮಕ್ಕ ಪಕ್ಕದಲ್ಲೇ ಇದ್ದಳು. ಏನಂತಾರೆ ಎಂದು ಕೇಳಲೇ ಇಲ್ಲ, ಫೋನಿನಲ್ಲಿ ಆ ತಾಯಿಯ ಮುಖವನ್ನೇ ನೋಡುತ್ತಿದ್ದಳು. ಅನೂಕಳ ದನಿ ಒಡೆಯಿತು.

"ಅವನಿನ್ನೂ ಕೂಸು. ಹೂಂ ಅನ್ನಲಿಕ್ಕೂ ಬರುವುದಿಲ್ಲ, ಬೇಡ ಅನ್ನಲಿಕ್ಕೂ ಬರುವುದಿಲ್ಲ..."

ಅಷ್ಟು ಹೇಳಿ ನಿಲ್ಲಿಸಿದಳು. ತನ್ನ ಮಾತು ತನಗೇ ಕೇಳಿಸಿತೇನೋ. ಕೇಕೆ ಹಾಕುತ್ತಿದ್ದ ಲುಕಾಸನನ್ನು ಎತ್ತಿಕೊಂಡಳು. ಆಮೇಲೆ, ನಾಳೆ ಬೆಳಿಗ್ಗೆಯೇ ಅಧ್ಯಕ್ಷರ ಮನೆಗೆ ಹೋಗುತ್ತೇನೆ, ಒಂದು ಪಟವೂ ಉಳಿಯದ ಹಾಗೆ ತೆಗೆಸುತ್ತೇನೆ, ಆಗದಿದ್ದರೆ ನಾನೇ ಕೆಲಸ ಬಿಡುತ್ತೇನೆ ಎಂದಳು. ಆದರೆ ನಿಮ್ಮ ಶಿಶುವಿಹಾರಕ್ಕೆ ಬರುವ ದುಡ್ಡು ನಿಂತುಹೋಗುತ್ತದೆ, ಅದನ್ನು ತಡೆಯಲು ನನ್ನಿಂದ ಆಗುವುದಿಲ್ಲ ಎಂದು ಅತ್ತಳು.

ಹನುಮಕ್ಕನಿಗೆ ಎಲ್ಲ ಹೇಳಿದೆ. ಅವಳು ಎದ್ದು ಹೊರಗೆ ಹೋದಳು. ಫ್ಲೆಕ್ಸ್ ಕಟ್ಟಿದ ದಾರವನ್ನು ಅವಳೇ ಹಲ್ಲಿನಿಂದ ಕಡಿದು, ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು ವಾಪಸ್ ಬಂದಳು. ನನ್ನ ಕೈಯಿಂದ ಫೋನು ಇಸ್ಕೊಂಡು, ಅನೂಕಳಿಗೆ ಆ ಸುರುಳಿ ತೋರಿಸಿದಳು.

"ನಿಂತ್ರೆ ನಿಲ್ಲಲಿ ಬಿಡ್ರಿ, ನಾವು ಹೆಂಗೋ ನಡೆಸ್ಕಂತೀವಿ. ಅಳಬ್ಯಾಡಂತ ಹೇಳ್ರಿ ಅಕ್ಕಾರೆ," ಎಂದಳು. "ಹುಡುಗನ್ನ ಶುಕ್ರವಾರ ಇಲ್ಲಿಗೆ ಕಳಿಸ್ಲಿ. ನಮ್ಮಲ್ಲಿ ಜಾಗ ಐತೆ."